ಎಲ್ಲಿಂದಲೋ ಒಂದು ಸೌಂಡ್ ಸಾರ್

ನಮ್ಮ ಮಾವನವರಿಗೆ ನಾನು ಇಂದಿಗೂ ಗ್ಯಾರೇಜಿನವನೇ. ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೂರಲು ಎ.ಸಿ. ಕೋಣೆ, ಬಾಗಿಲ ಮೇಲೆ ‘ಸರ್ವಿಸ್ ಮ್ಯಾನೇಜರ್’ ಎಂಬ ಫಲಕ ಎಲ್ಲ ಇದ್ದರೂ ಮದುವೆ ಮನೆಗಳಲ್ಲಿ ನನ್ನನ್ನು ಪರಿಚಯಿಸುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಪರಿಚಯ ಮಾಡಿಸಿಕೊಂಡವರು ಮಾತ್ರ ಊಟದ ಎಲೆ ಬಿಟ್ಟು ಎದ್ದವರೇ ನನ್ನನ್ನು ಪಾರ್ಕಿಂಗಿಗೆ ಕರೆದೊಯ್ಯುತ್ತಾರೆ. “ಏನಿಲ್ಲ ಸಾರ್, ಎಲ್ಲಿಂದಲೋ ಒಂದು ಸೌಂಡ್ ಬರ್ತಿದೆ. ಒಂಚೂರು ನೋಡಿಬಿಡಿ.”

ಈ ಸೌಂಡೇ ನನ್ನ ಅನ್ನ. ಬೆಂಗಳೂರಿನ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿಯುವವರು ಮೆಕ್ಯಾನಿಕ್‌ಗಳು, ಜಾಬ್ ಕಾರ್ಡ್ ಬರೆಯುವವರು ಅಡ್ವೈಸರ್‌ಗಳು, ಡೆಂಟ್ ಎತ್ತುವವರು ಟಿಂಕರಿಂಗಿನವರು. ಯಾರಿಗೂ ಸಿಗದ ಸೌಂಡು, ಯಾರೂ ಒಪ್ಪದ ಬಿಲ್ಲು, ಯಾರೂ ಎತ್ತದ ಫೋನು, ಇವು ಮೂರು ನನ್ನ ಪಾಲಿಗೆ.

ಕಾಯಿಲೆಯನ್ನು ಸದ್ದಿನಲ್ಲಿ ವರ್ಣಿಸುವುದರಲ್ಲಿ ನಮ್ಮ ಜನ ನಿಸ್ಸೀಮರು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ‘ಕಟಕಟ’ ಅನ್ನುತ್ತೆ ಅಂದರೆ ಡ್ರೈವ್ ಶಾಫ್ಟಿನ ಜಾಯಿಂಟು. ಅದರ ರಬ್ಬರ್ ಬೂಟು ಹರಿದು, ಗ್ರೀಸು ಹೊರಗೆ, ಮಣ್ಣು ಒಳಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ‘ಕಿರ್ರ್’ ಅಂದು ಆಮೇಲೆ ತೆಪ್ಪಗಾದರೆ ಬೆಲ್ಟು. ಸ್ಪೀಡು ಏರಿದಂತೆ ‘ಗುಂಯ್’ ಅನ್ನುವುದೂ ಏರಿದರೆ ವೀಲ್ ಬೇರಿಂಗು. ಸಣ್ಣ ಹಳ್ಳದಲ್ಲೂ ‘ಟಕ್ ಟಕ್’ ಅಂದರೆ ಲಿಂಕ್ ರಾಡು. ಬ್ರೇಕ್ ‘ಕೀಂಯ್’ ಅಂದರೆ ಪ್ಯಾಡು ಸವೆದಿದೆ, ಅದಕ್ಕೆ ಅಂಟಿಸಿದ ಪುಟ್ಟ ತಗಡು ಡಿಸ್ಕಿಗೆ ಉಜ್ಜುತ್ತಿದೆ. ಹಾಗೆ ಕಿರುಚಲಿ ಎಂದೇ ಆ ತಗಡನ್ನು ಇಟ್ಟಿರುತ್ತಾರೆ. ಇಷ್ಟು ಚೆನ್ನಾಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಮ್ಮ ಅಡ್ವೈಸರ್ ಹುಡುಗ ಜಾಬ್ ಕಾರ್ಡಿನಲ್ಲಿ ‘ನಾಯ್ಸ್ ಚೆಕ್’ ಎಂದು ಎರಡೇ ಪದ ಗೀಚುತ್ತಾನೆ. ಆ ಎರಡು ಪದ ಹಿಡಿದುಕೊಂಡು ಮೆಕ್ಯಾನಿಕ್ ಇಡೀ ಕಾರು ಬಿಚ್ಚಬೇಕು. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ಯಾವಾಗ ಬರುತ್ತೆ, ಎಷ್ಟು ಸ್ಪೀಡಿನಲ್ಲಿ ಬರುತ್ತೆ ಕೇಳಿ ಎಂದು ನಾನು ಗಂಟು ಬಿದ್ದು ಬಿದ್ದು ಈಗೀಗ ಕಾರ್ಡುಗಳಲ್ಲಿ ‘ಕಟಕಟ’ ಕಾಣಿಸತೊಡಗಿದೆ.

ಸೌಂಡಿಗೆ ಇನ್ನೊಂದು ಗುಣವುಂಟು. ನಾನು ಪಕ್ಕದಲ್ಲಿ ಕೂತರೆ ಅದು ಬರುವುದಿಲ್ಲ. “ಇಷ್ಟೊತ್ತು ಬರ್ತಿತ್ತು ಸಾರ್, ದೇವರಾಣೆಗೂ” ಎಂದು ಯಜಮಾನರು ಬೆವರುತ್ತಾರೆ. ನಾನು ನಂಬುತ್ತೇನೆ. ಒಮ್ಮೆ ಬ್ರೇಕ್ ಹಾಕಿದಾಗಲೆಲ್ಲ ‘ಗುಡುಗುಡು’ ಎನ್ನುವ ಕಾರು ಬಂತು. ಲಿಫ್ಟಿಗೆ ಏರಿಸಿ ಬುಷ್ಷು, ಮೌಂಟಿಂಗು, ಸೈಲೆನ್ಸರು ಎಲ್ಲ ಅಲ್ಲಾಡಿಸಿ ನೋಡಿದ್ದಾಯಿತು. ಹಿರಿಯ ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸೋಣ ಅನ್ನುವ ಮಟ್ಟಕ್ಕೆ ಹೋಗಿದ್ದ. ಕೊನೆಗೆ ಒಳಗೆ ವ್ಯಾಕ್ಯೂಮ್ ಹೊಡೆಯಲು ಹೋದ ವಾಷಿಂಗಿನ ಹುಡುಗ ಡ್ರೈವರ್ ಸೀಟಿನ ಅಡಿಯಿಂದ ಒಂದು ತೆಂಗಿನಕಾಯಿ ಹೊರಗೆಳೆದ. ಘಾಟಿ ಸುಬ್ರಹ್ಮಣ್ಯಕ್ಕೆ ಹೋದಾಗ ಒಡೆಯಬೇಕೆಂದು ತಂದು ಮರೆತದ್ದಂತೆ. ಬಿಲ್ಲು ಮಾಡಲಿಲ್ಲ, ಕಾಯಿ ವಾಪಸು ಕೊಟ್ಟೆವು.

ಹೇಳುವುದು ಕೇಳುವುದು ಎರಡೂ ಕಡೆಯಿಂದ ಆಗಬೇಕಲ್ಲ? 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹೈವೇ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ದಿನಾ ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋಗಿ ಬರುವ ಡೀಸೆಲ್ ಕಾರಿನಲ್ಲಿ ಅದು ಸುಡುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. “ಏನೂ ರಿಪೇರಿ ಬೇಡ ಸಾರ್, ತುಮಕೂರು ರಸ್ತೇಲಿ ದಾಬಸ್‌ಪೇಟೆವರೆಗೆ ಹೋಗಿ ಬನ್ನಿ, ದೀಪ ಆರುತ್ತೆ” ಎಂದರೆ ಗಿರಾಕಿ ನನ್ನನ್ನು ಅನುಮಾನದಿಂದ ನೋಡುತ್ತಾರೆ. ಸಾವಿರಾರು ರೂಪಾಯಿಯ ಭಾಗ ಹೋಗಿದೆ ಎಂದರೆ ನಂಬುವವರು, ದುಡ್ಡು ಬೇಡ ಎಂದರೆ ನಂಬುವುದಿಲ್ಲ. ನಮ್ಮ ವೃತ್ತಿ ಸಂಪಾದಿಸಿಕೊಂಡ ಹೆಸರು ಅಂಥದ್ದು. ಅದರಲ್ಲಿ ಗಿರಾಕಿಯ ತಪ್ಪಿಲ್ಲ.

ಬಿಲ್ಲಿನ ವಿಷಯಕ್ಕೆ ಬಂದರೆ, ಜಗಳ ಹುಟ್ಟುವುದು ಮೊತ್ತದಿಂದಲ್ಲ, ಮೊದಲೇ ಹೇಳದೆ ಇದ್ದದ್ದರಿಂದ. ‘ಫುಲ್ ಇನ್ಶೂರೆನ್ಸ್’ ಎಂಬ ಮಾತನ್ನು ಯಾರು ಹುಟ್ಟಿಸಿದರೋ ಅವರನ್ನು ಒಂದು ಸೋಮವಾರ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಬಂಪರು ಪ್ಲಾಸ್ಟಿಕ್ಕಿನದು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಶೇ. 50 ಸವಕಳಿ ಮುರಿದುಕೊಳ್ಳುತ್ತಾರೆ. ಗಾಜಿಗೆ ಮಾತ್ರ ಸವಕಳಿ ಇಲ್ಲ. ಅದರ ಮೇಲೆ 1500 ಸಿ.ಸಿ.ವರೆಗಿನ ಕಾರಾದರೆ ಪ್ರತಿ ಕ್ಲೇಮಿಗೂ 1000 ರೂಪಾಯಿ ಕೈಯಿಂದ. ಇದನ್ನೆಲ್ಲ ಪಾಲಿಸಿ ಮಾರಿದವರು ಹೇಳಿರುವುದಿಲ್ಲ, ನಾನು ಹೇಳಬೇಕು, ಹೇಳಿ ಬೈಸಿಕೊಳ್ಳಬೇಕು. ಬಿಲ್ಲು ಇಳಿದರೆ ಅದಕ್ಕೆ ಹೊಗಳಿಕೆಯೇನೂ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲೆ ಶೇ. 28 ಇದ್ದ ಜಿಎಸ್‌ಟಿ 18ಕ್ಕೆ ಇಳಿಯಿತು. ಬಿಲ್ಲು ಕಡಿಮೆ ಬಂತು ಎಂದು ಫೋನ್ ಮಾಡಿದ ಒಬ್ಬ ಪುಣ್ಯಾತ್ಮನೂ ಇಲ್ಲ.

ಗಾಡಿ ಡೆಲಿವರಿಯಾದ ಮೇಲೆ ಕಂಪನಿಯವರು ಗಿರಾಕಿಗೆ ಫೋನ್ ಮಾಡಿ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳುತ್ತಾರೆ. ನಮ್ಮಲ್ಲಿ ಎಂಟು ಎಂದರೆ ನಾಪಾಸು. ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಸಲವೂ ಎಂಟೇ ಕೊಡುತ್ತಾರೆ. ಕೈ ಮುಗಿದು ಕೇಳಿದ್ದಕ್ಕೆ, “ನೋಡಯ್ಯಾ, ಮೂವತ್ತು ವರ್ಷ ಪೇಪರ್ ತಿದ್ದಿದೀನಿ, ಎಂಟರ ಮೇಲೆ ಯಾರಿಗೂ ಹಾಕಿಲ್ಲ. ನಿನ್ನ ಮೇಲೆ ವಿಶ್ವಾಸ ಇರೋದಕ್ಕೇ ಎಂಟು” ಎಂದರು. ಅವರ ವಿಶ್ವಾಸದಿಂದ ನಮ್ಮ ಹುಡುಗರ ಇನ್ಸೆಂಟಿವ್ ಹೋಯಿತು.

ಇವೆಲ್ಲ ನಗುತ್ತ ಹೇಳಬಹುದಾದ ಮಾತು. ಮಳೆಗಾಲದ್ದು ಹಾಗಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬಡಾವಣೆಗಳೇ ಮುಳುಗಿದಾಗ ಊರಿನ ವರ್ಕ್‌ಶಾಪುಗಳ ಮುಂದೆ ಟೋಯಿಂಗ್ ಗಾಡಿಗಳು ಸಾಲುಗಟ್ಟಿದ್ದವು. ನೀರಿನಲ್ಲಿ ನಿಂತ ಕಾರು ಬಂದಾಗ ನಮ್ಮ ಮೇಸ್ತ್ರಿ ಮೊದಲು ಮಾಡುವುದು ಡಿಪ್ ಸ್ಟಿಕ್ ಎಳೆದು ನೋಡುವುದು. ಕಪ್ಪಗಿರಬೇಕಾದ ಆಯಿಲು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರಿದೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಕೆಸರು, ಒಂದೆರಡು ಎಲೆ. ಆಮೇಲೆ ಅವನು ಯಜಮಾನರ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಾನೆ: “ನಿಂತ ಮೇಲೆ ಸ್ಟಾರ್ಟ್ ಮಾಡಿದ್ರಾ ಸಾರ್?”

ಎಲ್ಲರ ಉತ್ತರವೂ “ಇಲ್ಲ.”

ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾರದು. ಸಿಲಿಂಡರಿನಲ್ಲಿ ನೀರಿರುವಾಗ ಕೀಲಿ ತಿರುಗಿಸಿದರೆ ಮೇಲೇರುವ ಪಿಸ್ಟನ್ನಿಗೆ ದಾರಿ ಸಿಗದೆ ಅದರ ಕೆಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಎಂಜಿನ್ ಬಿಚ್ಚಿ, ನಾಲ್ಕು ರಾಡು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದರ ಪಕ್ಕ ಉಕ್ಕಿನ ಸ್ಕೇಲು ಹಿಡಿದರೆ ನಡುವೆ ಬೆಳಕು ಕಾಣುತ್ತದೆ. ಇನ್ಶೂರೆನ್ಸಿನ ಸರ್ವೇಯರ್ ಅದರ ಫೋಟೊ ತೆಗೆದುಕೊಳ್ಳುತ್ತಾನೆ. ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ರಕ್ಷಣೆ ಕೊಂಡಿರದಿದ್ದರೆ ಸಾಮಾನ್ಯ ಪಾಲಿಸಿ ಈ ನಷ್ಟ ಕೊಡುವುದಿಲ್ಲ. ಎಸ್ಟಿಮೇಟು ಲಕ್ಷ ದಾಟುತ್ತದೆ. ಅದನ್ನು ಪ್ರಿಂಟು ಹಾಕಿ ಎದುರಿಗೆ ಇಡುವವನು ನಾನು. ಇಎಂಐ ಇನ್ನೂ ತೀರದ ಕಾರಿನ ಯಜಮಾನನೊಬ್ಬ ಆ ಕಾಗದ ಓದಿ, ತಲೆ ಎತ್ತದೆ, “ಒಂದೇ ಒಂದ್ಸಲ ಟ್ರೈ ಮಾಡ್ದೆ ಸಾರ್” ಎಂದಿದ್ದ.

ಆ ಒಂದು ಸಲ ಬೇಡ. ಕಾರು ನೀರಿನಲ್ಲಿ ನಿಂತರೆ ಕೀಲಿ ಮುಟ್ಟಬೇಡಿ. ಸಾಧ್ಯವಾದರೆ ಬ್ಯಾಟರಿ ವೈರು ಕಳಚಿ, ಟೋ ಮಾಡಿಸಿ ತನ್ನಿ. ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಆಯಿಲು ಫಿಲ್ಟರು ಬದಲಿಸಿ ನಾವು ಉಳಿಸಿದ ಎಂಜಿನ್‌ಗಳು ಬೇಕಾದಷ್ಟಿವೆ. ಸ್ಟಾರ್ಟ್ ಮಾಡಿಬಿಟ್ಟಿದ್ದರೆ ಮಾಡಿದೆ ಎಂದೇ ಹೇಳಿ. ಮತ್ತೆ, ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ನೀವು ಹೇಳಿದ್ದೇ ಅದರಲ್ಲಿ ಇದೆಯೇ ಎಂದು ಓದಿ ನೋಡಿ. ‘ನಾಯ್ಸ್ ಚೆಕ್’ ಎಂದಷ್ಟೇ ಇದ್ದರೆ ಸೀದಾ ಮ್ಯಾನೇಜರ್ ಕೋಣೆಗೆ ಬನ್ನಿ.