ಎದೆಯ ತಾಳ

ರಾಮದುರ್ಗದ ನನ್ನ ಅಕ್ಕ ಚಿಕ್ಕಂದಿನಲ್ಲಿ ಗಂಟಲು ಬೇನೆಯ ಬೆನ್ನಿಗೆ ಬರುವ ಕೀಲುವಾತದ ಜ್ವರಕ್ಕೆ ತುತ್ತಾದವಳು. ಆ ಜ್ವರ ಕೀಲುಗಳನ್ನು ಬಿಟ್ಟು ಹೋಗುತ್ತದೆ; ಹೃದಯದ ಕವಾಟವನ್ನು ಕೆಲವೊಮ್ಮೆ ಬಿಡುವುದಿಲ್ಲ. ವರ್ಷಗಟ್ಟಲೆ ಏದುಸಿರು ಪಟ್ಟ ಮೇಲೆ ಬೆಳಗಾವಿಯಲ್ಲಿ ಅವಳಿಗೆ ಲೋಹದ ಕವಾಟವನ್ನು ಕೂಡಿಸಿದರು. ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತು. ಮೂರನೆಯ ದಿನ ಅಕ್ಕ ನನ್ನ ಕೈ ಹಿಡಿದು, "ತಮ್ಮಾ, ಎದಿಯಾಗ ಗುಬ್ಬಿ ಸಿಕ್ಕೊಂಡು ಬಡಕೊಂಡಂಗ ಆಗಾಕತ್ತೈತಿ" ಎಂದಳು.

ಬಂದು ನೋಡಿದ ತರುಣ ವೈದ್ಯರು ಗಾಬರಿಗೊಳ್ಳಲಿಲ್ಲ. ಹೃದಯದ ಶಸ್ತ್ರಕ್ರಿಯೆಯಾದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ, ಹೆಚ್ಚಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಹೀಗೆ ತಾಳ ತಪ್ಪುತ್ತದೆಯಂತೆ. ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸುವ ಬದಲು ಸುಮ್ಮನೆ ಅದುರುತ್ತವೆ. ಗಾಯದ ಬಾವು, ನೋವಿನ ಉದ್ವೇಗ, ರಕ್ತದಲ್ಲಿ ಪೊಟ್ಯಾಸಿಯಮ್ ಮತ್ತು ಮೆಗ್ನೀಸಿಯಮ್ ಇಳಿದಿರುವುದು, ಇವೆಲ್ಲ ಅದಕ್ಕೆ ಕಾರಣವಾಗಬಹುದು. ಮೊದಲು ಲವಣಗಳನ್ನು ಸರಿಪಡಿಸಿದರು, ಬಡಿತದ ವೇಗ ತಗ್ಗಿಸುವ ಔಷಧಿ ಕೊಟ್ಟರು, ಬಳಿಕ ಅಮಿಯೊಡರೋನ್. ರಕ್ತದೊತ್ತಡ ಕುಸಿದಿದ್ದರೆ ತಡಮಾಡದೆ ವಿದ್ಯುತ್ತಿನ ಆಘಾತ ಕೊಡಬೇಕಾಗುತ್ತಿತ್ತು.

ಅಕ್ಕನ ತಾಳವನ್ನು ಕಾಗದದ ಮೇಲೆ ಬರೆದು ತೋರಿಸಿದ ಯಂತ್ರ ಒಂದು ಕೈಚೀಲದಷ್ಟಿತ್ತು. ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಚಿಸಿದ ಮೊದಲಿನ ಯಂತ್ರವಾದರೋ ಎರಡು ಕೋಣೆ ತುಂಬಿತ್ತು. ನಡೆಸಲು ಐವರು ಬೇಕಾಗಿದ್ದರು. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂಡಬೇಕಾಗಿತ್ತು! 1924ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದುದು ನ್ಯಾಯವೇ.

ಆದರೆ ಯಂತ್ರದ ಕಣ್ಣು ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ. ಮುಂದಿನದೆಲ್ಲ ಮನೆಯವರ ಪಾಲು. ಬೈಲಹೊಂಗಲದ ನಮಗೆ ಬೆಳಗಾವಿ ದೂರವಲ್ಲ. ಕಿತ್ತೂರಿನವರಿಗೆ ಹೆದ್ದಾರಿಯ ಒಂದು ತುದಿಗೆ ಧಾರವಾಡ, ಇನ್ನೊಂದು ತುದಿಗೆ ಬೆಳಗಾವಿ. ಸವದತ್ತಿಯವರೂ ಧಾರವಾಡಕ್ಕೆ ಬೇಗನೆ ತಲುಪಿಯಾರು. ರಾಮದುರ್ಗದವರದೇ ದೂರದ ಹಾದಿ.

ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಲೋಹದ ಕವಾಟದ ಮೇಲೂ ಹೆಪ್ಪುಗಟ್ಟುವ ಭಯವುಂಟು. ಆದುದರಿಂದ ಅಕ್ಕನಿಗೆ ಜೀವನಪರ್ಯಂತ ವಾರ್ಫರಿನ್ ಗುಳಿಗೆ. ಇದರ ಮೂಲ ಕೇಳಿದರೆ ನಮ್ಮ ರೈತರಿಗೆ ಅಚ್ಚರಿಯಾಗಲಾರದು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತಸ್ರಾವದಿಂದ ಸತ್ತವು. ಆ ಮೇವಿನಲ್ಲಿದ್ದ ವಿಷವನ್ನು ಹುಡುಕಿಕೊಂಡು ಹೋದ ವಿಸ್ಕಾನ್ಸಿನ್ನಿನ ವಿಜ್ಞಾನಿಗಳಿಗೆ ಕೊನೆಗೆ ಔಷಧಿ ದೊರಕಿತು.

ಗುಳಿಗೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ ಅವಳಿಗೆ 2.5 ಮತ್ತು 3.5ರ ನಡುವೆ ಇರಬೇಕು. ಹಸಿರುಸೊಪ್ಪಿನಲ್ಲಿರುವ ಕೆ ಜೀವಸತ್ವ ಗುಳಿಗೆಯ ಕೆಲಸವನ್ನು ಕೆಡಿಸುತ್ತದೆ. ನೆರೆಹೊರೆಯವರು ಸೊಪ್ಪನ್ನೇ ಬಿಡಿಸಲು ಹೊರಟರು. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯದ ಸೊಪ್ಪಿಲ್ಲದೆ ನಮ್ಮ ಕಡೆ ಊಟವುಂಟೆ? ವೈದ್ಯರು ಬಿಡಿಸಲಿಲ್ಲ, ದಿನವೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಅಳತೆಯಲ್ಲಿ ತಿನ್ನಿರಿ ಎಂದರು.

ಕಂಟಕ ಬಂದುದು ಸೊಪ್ಪಿನಿಂದಲ್ಲ. ಮೊಣಕಾಲು ನೋವಿಗೆಂದು ಒಂದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಗಳನ್ನು ಅಕ್ಕ ವಾರವಿಡೀ ನುಂಗಿದಳು. ಒಸಡಿನಲ್ಲಿ ರಕ್ತ ಕಾಣಿಸಿತು. ಅಂಕಿ 6ನ್ನು ದಾಟಿತ್ತು. ಆ ರಾತ್ರಿ ಅವಳ ಮಗ ಅವಳನ್ನು ಬೆಳಗಾವಿಗೆ ಕರೆತಂದಾಗ ಯಾರೂ ಮಾತಾಡಲಿಲ್ಲ. ಪುಣ್ಯಕ್ಕೆ ಎರಡೇ ದಿನಗಳಲ್ಲಿ ಇಳಿಯಿತು.

ಅಂದಿನಿಂದ ಮೊಮ್ಮಗಳು ಬೆಳಿಗ್ಗೆ ಅಜ್ಜಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಾಳೆ. ತಾಳ ತಪ್ಪಿದ ನಾಡಿಯನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಯಾರನ್ನೂ ಕೇಳದೆ ಗಾಡಿ ಹತ್ತಿಸಬೇಕೆಂಬುದೂ ಅಲ್ಲಿಯೇ ಕೆಂಪು ಮಸಿಯಲ್ಲಿದೆ.

ಈಗ ಅಕ್ಕನ ಕಣ್ಣಿನ ಪೊರೆ ತೆಗೆಸಬೇಕಾಗಿದೆ. ಶಸ್ತ್ರಕ್ರಿಯೆ ಎಂದೊಡನೆ ಹೃದಯದ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವವರು ನಮ್ಮಲ್ಲಿ ಬಹಳ. ವೇಗ ತಗ್ಗಿಸುವ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಎದೆ ಮತ್ತೆ ಓಡತೊಡಗುವುದುಂಟು. ಅಕ್ಕ ಮಾತ್ರ ಗುಳಿಗೆಗಳ ಪಟ್ಟಿಯನ್ನೂ ಇತ್ತೀಚಿನ ಅಂಕಿಯ ಚೀಟಿಯನ್ನೂ ಕಣ್ಣಿನ ಡಾಕ್ಟರ ಮುಂದಿಟ್ಟು, "ಮೊದಲ ನಮ್ಮ ಎದಿ ಡಾಕ್ಟರ ಜೋಡಿ ಮಾತಾಡ್ರಿ, ಆಮ್ಯಾಲೆ ತಾರೀಖು ಕೊಡ್ರಿ" ಎಂದಳಂತೆ. ಅವರು ಅಲ್ಲಿಯೇ ಫೋನು ಎತ್ತಿಕೊಂಡರು.