ಆಕಾಶ ಕಾಣುವ ಚಪ್ಪರ

ನನ್ನ ಮಗಳ ಮನೆ ಇರುವುದು ಅಮೆರಿಕದ ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿ. ರಾರಿಟನ್ ನದಿ ದಡದ ಈ ಪುಟ್ಟ ಊರಿನಲ್ಲಿ ಯೆಹೂದಿ ಕುಟುಂಬಗಳು ಬಹಳ. ಅಕ್ಟೋಬರ್‌ನ ಒಂದು ಭಾನುವಾರ ವಾಕಿಂಗ್ ಹೊರಟರೆ, ಹಿತ್ತಲು ಹಿತ್ತಲಲ್ಲೂ ಚಪ್ಪರ ಏಳುತ್ತಿತ್ತು! "ಒಂದೇ ಸಲಕ್ಕೆ ಇಷ್ಟೊಂದು ಮದುವೆಯೇ?" ಎಂದೆ. ಮೊಮ್ಮಗ ನಕ್ಕ. "ಮದುವೆ ಅಲ್ಲ ತಾತ, ಸುಕ್ಕೋತ್ ಹಬ್ಬ. ನನ್ನ ಫ್ರೆಂಡ್ ಮನೆಗೆ ಹೋಗೋಣ ಬನ್ನಿ."

ಅಲ್ಲಿ ಹತ್ತಾರು ಮಕ್ಕಳು ಸೇರಿದ್ದರು. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡ ಹಿರಿಯರು 40 ವರ್ಷ ಮರುಭೂಮಿಯಲ್ಲಿ ಅಲೆದರಂತೆ. ಆ ನೆನಪಿಗೆ 7 ದಿನ ಚಪ್ಪರದಲ್ಲೇ ಊಟ. ಚಪ್ಪರಕ್ಕೆ ಸುಕ್ಕಾ ಎಂದು ಹೆಸರು. ಮನೆಯಾಕೆ ಇದನ್ನೆಲ್ಲ ಪಾಠದಂತೆ ಒಪ್ಪಿಸಲಿಲ್ಲ, ಮಕ್ಕಳ ಕೈಗೆ ಕೆಲಸ ಕೊಟ್ಟರು. ಒಂದು ಗುಂಪು ಬಣ್ಣದ ಕಾಗದದ ಸರಪಳಿ ಮಾಡಿತು. ಇನ್ನೊಂದು ಜೋಳದ ತೆನೆ, ಪುಟ್ಟ ಕುಂಬಳಕಾಯಿ ಕಟ್ಟಿತು. ದೊಡ್ಡ ಹುಡುಗರು ಮೇಲೆ ಬಿದಿರಿನ ಚಾಪೆ, ಸೊಪ್ಪು ಹಾಸಿದರು.

ಬ್ಯಾಂಕಿನಲ್ಲಿ ಗೃಹಸಾಲದ ಕಾಗದ ನೋಡಿ ಪಳಗಿದ ಕಣ್ಣು ನನ್ನದು. "ಸಂದಿ ಬಿಟ್ಟಿದ್ದೀರಲ್ಲ, ಟಾರ್ಪಾಲು ಹೊದಿಸಿ" ಎಂದೆ. ಪುಟ್ಟ ಹುಡುಗಿಯೊಬ್ಬಳು ನನ್ನನ್ನು ತಿದ್ದಿದಳು. ಹಾಗೆ ಮುಚ್ಚಿದರೆ ಅದು ಸುಕ್ಕಾ ಆಗದಂತೆ, ಒಳಗಿನಿಂದ ನಕ್ಷತ್ರ ಕಾಣಬೇಕಂತೆ!

ಆಮೇಲೆ ವಾಸನೆಯ ಆಟ. ಕಣ್ಣಿಗೆ ಬಟ್ಟೆ ಕಟ್ಟಿ, ಹಬ್ಬಕ್ಕೆ ಬೇಕಾದ ನಾಲ್ಕನ್ನು ಮೂಸಿಸಿದರು. ನಮ್ಮ ಮಾದಲದ ಜಾತಿಯ ಹಣ್ಣಿಗೆ ರುಚಿಯೂ ಉಂಟು, ಪರಿಮಳವೂ ಉಂಟು. ಖರ್ಜೂರದ ಮರಕ್ಕೆ ಹಣ್ಣಿನ ರುಚಿ ಮಾತ್ರ, ಮಿರ್ಟಲ್ ಎಲೆಗೆ ಪರಿಮಳ ಮಾತ್ರ. ವಿಲೋ ಎಲೆಗೆ ಎರಡೂ ಇಲ್ಲ. ಆದರೂ ನಾಲ್ಕನ್ನೂ ಒಟ್ಟಿಗೇ ಹಿಡಿಯಬೇಕು. ಮನುಷ್ಯರೂ ಹಾಗೆ, ಯಾರನ್ನೂ ಬಿಡುವಂತಿಲ್ಲ ಎಂದು ಅದರ ಅರ್ಥ ಹೇಳುತ್ತಾರೆ.

ಕೊನೆಯ ಆಟ ಅತಿಥಿಗಳದ್ದು. ಅಬ್ರಹಾಮ, ಮೋಶೆ, ದಾವೀದ ಮೊದಲಾದ 7 ಪೂರ್ವಜರನ್ನು ದಿನಕ್ಕೊಬ್ಬರಂತೆ ಚಪ್ಪರಕ್ಕೆ ಕರೆಯುವುದು ಸಂಪ್ರದಾಯ. "ನೀವು ಯಾರನ್ನು ಕರೆಯುತ್ತೀರಿ? ಚಿತ್ರ ಬರೆಯಿರಿ" ಎಂದರು ಆಕೆ. ಒಬ್ಬ ಫುಟ್‌ಬಾಲ್ ಆಟಗಾರನನ್ನು ಬರೆದ. ಇನ್ನೊಬ್ಬಳು ತನ್ನ ಬೆಕ್ಕನ್ನು ಬರೆದಳು.

ಹಬ್ಬದ ರಾತ್ರಿ ನಮಗೂ ಊಟದ ಕರೆ ಬಂತು. ಸರಪಳಿಗಳ ನಡುವೆ ಮೊಮ್ಮಗನ ಚಿತ್ರ ತೂಗುತ್ತಿತ್ತು. ಹಸಿರು ಸೀರೆ, ದುಂಡು ಕುಂಕುಮ, ಕೈಯಲ್ಲಿ ಕೋಡುಬಳೆ ತಟ್ಟೆ. ಎರಡು ವರ್ಷದ ಹಿಂದೆ ತೀರಿಕೊಂಡ ಅವನ ಅಜ್ಜಿ.

ನಾನು ತಲೆಯೆತ್ತಿ ಚಾಪೆಯ ಸಂದಿಯಲ್ಲಿ ನಕ್ಷತ್ರ ಹುಡುಕತೊಡಗಿದೆ. ಮನೆಯಾಕೆ ಏನೂ ಕೇಳಲಿಲ್ಲ. ನನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ತಂದಿಟ್ಟರು.