ಮೂಡಣ ಸೀಮೆಯಿಂದ ಅಕ್ಕನಿಗೆ

ಶ್ರೀನಿವಾಸಪುರ,
ಜ್ಯೇಷ್ಠ ಮಾಸ

ಅಕ್ಕ,

ಹೊರಡುವ ಮುನ್ನ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಆಗ ನನಗೆ ಮಾತು ಹೊರಡಲಿಲ್ಲ. ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಭಾತುಗಳನ್ನು ಸ್ವೀಕರಿಸಿ, ನನ್ನ ಓದು, ಕೆಲಸ, ಸಂಗೀತ ಎಲ್ಲವನ್ನೂ ವಿಚಾರಿಸಿ ಹೋದ ಮೇಲೆ, ‘ಎಲ್ಲ ಸರಿಯೇ, ಬಣ್ಣ ಮಾತ್ರ ಸ್ವಲ್ಪ ಕಡಮೆಯಾಯಿತು’ ಎಂದು ಮಧ್ಯಸ್ಥರ ಮೂಲಕ ಹೇಳಿಕಳುಹಿಸಿದರಲ್ಲ, ಆ ಮಾತು ಎಷ್ಟು ನೋಯಿಸಿತೆಂದು ನೀನು ಕೇಳಿದ್ದೆ. ನೋಯಿಸಿತು, ಅಕ್ಕ. ಆದರೆ ಆ ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಅರ್ಧ ಗಂಟೆಯ ನೋಟದಿಂದ ಒಂದು ಜೀವದ ವಿಷಯದಲ್ಲಿ ತೀರ್ಪು ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬಂದಿತು, ಆ ತೀರ್ಪಿಗೆ ಕನ್ನಡಿಯ ಮುಂದೆ ನಿಂತು ತಲೆಬಾಗುವಷ್ಟು ಅಧೈರ್ಯ ನನಗೆ ಎಲ್ಲಿಂದ ಬಂದಿತು ಎಂಬ ಯೋಚನೆ. ಮನಸ್ಸು ತಿಳಿಯಾಗಲೆಂದು ಅಮ್ಮ ನನ್ನನ್ನು ಅತ್ತೆಯ ಮನೆಗೆ ಕಳುಹಿಸಿದಳು. ಅತ್ತೆಯಾದರೋ ಸಮಾಧಾನದ ಮಾತೊಂದನ್ನೂ ಆಡದೆ, ‘ಬಾ, ನಮ್ಮ ಸೀಮೆ ನೋಡು’ ಎಂದು ಬಸ್ಸು ಹತ್ತಿಸಿದಳು. ಅದರಿಂದಾದ ಉಪಕಾರವನ್ನು ನಿನಗೆ ವಿಸ್ತಾರವಾಗಿ ತಿಳಿಸಬೇಕೆಂದು ಈ ಕಾಗದ.

ಮೊದಲು ಕೋಲಾರ. ಶತಶೃಂಗ ಪರ್ವತದ ಬಂಡೆಗಳು ಊರಿಗೆ ಬೆನ್ನಾಗಿ ನಿಂತಿವೆ. ಮೇಲೆ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಅದನ್ನು ತಲೆಗೆ ಪ್ರೋಕ್ಷಿಸಿಕೊಂಡು ಇಳಿದು ಕೋಲಾರಮ್ಮನ ಗುಡಿಗೆ ಬಂದೆವು. ಗುಡಿ ಬಹು ಪುರಾತನವಾದುದು. ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು ಅಲ್ಲಿವೆ. ಒಳಗೆ ಸಪ್ತಮಾತೃಕೆಯರ ಸಾನ್ನಿಧ್ಯ. ಪಕ್ಕದಲ್ಲಿ ಚೇಳಿನ ಭಯವನ್ನು ಪರಿಹರಿಸುವವಳೆಂದು ಜನ ನಂಬುವ ಚೇಳಮ್ಮ. ಕೋಲಾರಮ್ಮ ಉಗ್ರರೂಪಿಣಿಯಾದುದರಿಂದ ಆಕೆಯನ್ನು ನೇರವಾಗಿ ನೋಡದೆ, ಎದುರಿಗೆ ಇರಿಸಿದ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬಕ್ಕೆ ಕೈಮುಗಿಯುವುದು ಇಲ್ಲಿಯ ಸಂಪ್ರದಾಯ. ಹೈಸ್ಕೂಲಿನ ದಿನಗಳಿಂದ ಕನ್ನಡಿಯೆಂದರೆ ನನಗೆ ಮುಖದ ಬಣ್ಣವನ್ನು ಪರೀಕ್ಷಿಸಿಕೊಳ್ಳುವ ಸಾಧನ. ಬಿಳುಪಾಗಿಸುವ ಕ್ರೀಮನ್ನು ಹಚ್ಚಿಕೊಂಡು ಎಷ್ಟು ಬೆಳಗಾಯಿತೆಂದು ದಿನದಿನವೂ ಅದನ್ನು ಕೇಳುತ್ತಿದ್ದೆ. ಆ ಗುಡಿಯಲ್ಲಿ ಮೊದಲ ಸಲ ಕನ್ನಡಿಯಲ್ಲಿ ನನ್ನನ್ನು ನಾನು ಹುಡುಕಲಿಲ್ಲ.

ಸಪ್ತಮಾತೃಕೆಯರ ವಿಷಯವಾಗಿಯೂ ಅಲ್ಲಿ ಬಹಳ ಹೊತ್ತು ಯೋಚಿಸಿದೆ. ವಾರಾಹಿಯದು ಹಂದಿಯ ಮುಖ. ಚಾಮುಂಡೆಯದು ಎಲುಬು ಕಾಣುವ ಬತ್ತಿದ ಒಡಲು. ಬ್ರಾಹ್ಮಿ, ಕೌಮಾರಿ, ವೈಷ್ಣವಿಯರ ಸಾಲಿನಲ್ಲಿಯೇ, ಅವರಷ್ಟೇ ಎತ್ತರದ ಆಸನದಲ್ಲಿ ಇವರಿಬ್ಬರನ್ನೂ ಕೂರಿಸಿ ಏಳು ಮಂದಿಯನ್ನೂ ಸಮವಾಗಿ ತಾಯಿಯೆಂದು ಕರೆದವರು ನಮ್ಮ ಪೂರ್ವಿಕರು. ಅಷ್ಟು ವಿಶಾಲವಾದ ದೃಷ್ಟಿಯನ್ನು ಗರ್ಭಗುಡಿಯಲ್ಲಿ ಬಿಟ್ಟು ಹೊರಟು, ಮನೆಯ ನಡುಮನೆಯಲ್ಲಿ ಕುಳಿತು ಹೆಣ್ಣಿನ ಬಣ್ಣವನ್ನು ಅಳೆಯುವ ನಾವು ಬಹಳ ಬಡವಾಗಿದ್ದೇವೆಂದು ನನಗೆ ತೋರಿತು.

ಅಲ್ಲಿಂದ ಮಾಲೂರು. ಇಟ್ಟಿಗೆಗೂ ಹೆಂಚಿಗೂ ಹೆಸರಾದ ಊರು. ಈ ತಾಲ್ಲೂಕಿನಲ್ಲಿಯೇ ಮಾಸ್ತಿ ಗ್ರಾಮವಿದೆ. 1891ರಲ್ಲಿ ಹುಟ್ಟಿ, 1983ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದ, ‘ಶ್ರೀನಿವಾಸ’ ಎಂಬ ಕಾವ್ಯನಾಮದ ಮಾಸ್ತಿಯವರ ಊರು. ಅವರ ‘ಸುಬ್ಬಣ್ಣ’ವನ್ನು ನೀನೇ ನನಗೆ ಓದಲು ಕೊಟ್ಟಿದ್ದೆ. ಸಂಗೀತದಲ್ಲಿ ಮಹತ್ತನ್ನು ಸಾಧಿಸಿದ ಸುಬ್ಬಣ್ಣನಿಗಿಂತ, ದಾರಿದ್ರ್ಯವನ್ನೂ ಸಂತಾನವನ್ನು ಕಳೆದುಕೊಂಡ ದುಃಖವನ್ನೂ ಅವನೊಡನೆ ಹೊತ್ತು ನಡೆದ ಲಲಿತೆಯ ಶಾಂತಿ ದೊಡ್ಡದೆಂದು ನಿನಗೆ ಅನಿಸಿತ್ತು. ಆಗ ನನಗೆ ಅದು ಅಷ್ಟಾಗಿ ತಿಳಿದಿರಲಿಲ್ಲ. ಒಬ್ಬರ ಚೆಲುವು ಇನ್ನೊಬ್ಬರಿಗೆ ಪೂರ್ತಿಯಾಗಿ ಕಾಣಿಸಬೇಕಾದರೆ ಒಂದು ಬಾಳುವೆಯಷ್ಟು ಕಾಲ ಬೇಕಾಗಬಹುದೆಂದು ಈಗ ನಂಬುತ್ತೇನೆ.

ಮಾಲೂರು ತಾಲ್ಲೂಕಿನದೇ ಆದ ಶಿವಾರಪಟ್ಟಣಕ್ಕೆ ಹೋದುದು ಈ ಪ್ರವಾಸದ ಭಾಗ್ಯ. ಅದು ಶಿಲ್ಪಿಗಳ ಊರು. ಬೀದಿಗೆ ಕಾಲಿಟ್ಟೊಡನೆ ಉಳಿಸುತ್ತಿಗೆಗಳ ಶಬ್ದ ಕಿವಿ ತುಂಬುತ್ತದೆ, ಕಲ್ಲಿನ ಹುಡಿ ಮುಂಗೈಯ ಮೇಲೆ ಕೂರುತ್ತದೆ. ಒಂದು ಚಪ್ಪರದ ಕೆಳಗೆ ವಯಸ್ಸಾದ ಶಿಲ್ಪಿಯೊಬ್ಬರು ದೇವಿಯ ವಿಗ್ರಹವೊಂದನ್ನು ಕಡೆಯುತ್ತಿದ್ದರು. ಕೃಷ್ಣಶಿಲೆಯೆಂದು ಕೇಳಿದ್ದ ನನಗೆ, ಉಳಿ ಬಿದ್ದಲ್ಲೆಲ್ಲ ಬೂದಿಬಿಳುಪಾಗಿ ಕಾಣುವ ಆ ಕಲ್ಲನ್ನು ನೋಡಿ ಆಶ್ಚರ್ಯವಾಯಿತು. ನಯಮಾಡಿ ತಿಕ್ಕಿ, ಎಣ್ಣೆ ಸವರಿದ ಮೇಲೆ ಆ ಕಪ್ಪು ಏಳುತ್ತದೆಂದು ಅವರು ವಿವರಿಸಿದರು; ಮುಗಿಸಿಟ್ಟಿದ್ದ ಇನ್ನೊಂದು ವಿಗ್ರಹದ ಭುಜವನ್ನು ಎಣ್ಣೆಬಟ್ಟೆಯಿಂದ ಒಂದು ಸಲ ಒರಸಿ ತೋರಿಸಿದರು. ಬೂದಿಬಣ್ಣ ಹಿಂಜರಿದು, ಒಳಗಿನ ನೀಲಮೇಘದಂಥ ಕಪ್ಪು ನನ್ನ ಕಣ್ಣೆದುರಿಗೇ ಮೇಲೆದ್ದು ಬಂದಿತು. ಆ ಬೀದಿಯಲ್ಲಿ ಕಪ್ಪೆಂಬುದು ಕೆಲಸ ಪೂರ್ಣವಾದುದರ ಗುರುತು.

ಅಳತೆಯ ಕ್ರಮವನ್ನು ಕೇಳಿದೆ. ವಿಗ್ರಹದ ಮುಖದ ಉದ್ದವನ್ನೇ ಒಂದು ತಾಳವೆಂದು ಇಟ್ಟುಕೊಂಡು, ಎತ್ತರವೆಲ್ಲ ಅಂಥ ಒಂಬತ್ತಾದರೆ ನವತಾಳ, ಹತ್ತಾದರೆ ದಶತಾಳ ಎಂದು ಲೆಕ್ಕ ಹಾಕುತ್ತಾರಂತೆ. ಕತ್ತು, ಎದೆ, ನಡು, ಮೊಣಕಾಲು ಎಲ್ಲವೂ ಆ ಮುಖದ ಭಾಗಾಂಶಗಳಲ್ಲಿಯೇ ನಿರ್ಣಯವಾಗುತ್ತವೆ. ಅಕ್ಕ, ಇದನ್ನು ಕೇಳಿ ನಾನು ಕೆಲಹೊತ್ತು ಸುಮ್ಮನೆ ನಿಂತುಬಿಟ್ಟೆ. ಹೊರಗಿನ ಗಜಕೋಲು ಅಲ್ಲಿ ಪ್ರಧಾನವಲ್ಲ. ದೇವಿ ಅಂಗೈಯಷ್ಟಿರಲಿ, ಆಳೆತ್ತರವಿರಲಿ, ಆಕೆಯ ಅಳತೆಗೆ ಆಕೆಯ ಮುಖವೇ ಪ್ರಮಾಣ. ಮತ್ತೊಂದು ಗುಡಿಯ ದೇವಿಯ ಮೂಗಿನೊಡನೆ ಇವಳ ಮೂಗನ್ನು ಯಾರೂ ತೂಗಿ ನೋಡುವುದಿಲ್ಲ. ತನ್ನೊಡನೆ ತಾನು ಹೊಂದಿಕೊಂಡಿದ್ದಾಳೆಯೇ ಎಂಬುದಷ್ಟೇ ಶಿಲ್ಪಿಯ ಚಿಂತೆ. ನಾವು ಆತ್ಮವಿಶ್ವಾಸವೆಂದು ಕರೆಯುವುದು ಇದನ್ನೇ ಇರಬೇಕು. ಆಡುವ ಮಾತಿಗೂ ಮಾಡುವ ಕೆಲಸಕ್ಕೂ ಇಡುವ ಹೆಜ್ಜೆಗೂ ತನ್ನ ಅಂತರಂಗವೇ ತಾಳವಾಗಿರುವವಳು, ಯಾರ ಪಕ್ಕದಲ್ಲಿ ನಿಂತರೂ ಕುಗ್ಗಬೇಕಾದುದಿಲ್ಲ. ಹೊರಡುವಾಗ, ಈ ದೇವಿಗೆ ಕಣ್ಣು ಇನ್ನೂ ಇಲ್ಲವಲ್ಲ ಎಂದೆ. ‘ಕಣ್ಣು ತೆರೆಸೋದು ಕೊನೇಗೆ ಕಣಮ್ಮ. ಅಲ್ಲೀವರೆಗೂ ಇದು ಕಲ್ಲೇ’ ಎಂದರು ಆ ಹಿರಿಯರು. ತಿರುಗಿ ನೋಡಬಲ್ಲವಳಾದ ಮೇಲಲ್ಲವೆ ಆಕೆ ದೇವಿ! ವಧುಪರೀಕ್ಷೆಯ ದಿನ ನಮ್ಮ ನಡುಮನೆಯಲ್ಲಿ ತಲೆತಗ್ಗಿಸಿ ಕುಳಿತವಳಿಗೆ ತಿರುಗಿ ನೋಡುವ ಹಕ್ಕನ್ನು ಯಾರೂ ಕೊಟ್ಟಿರಲಿಲ್ಲ.

ಮುಳಬಾಗಿಲಿನಲ್ಲಿ ಆಂಜನೇಯನ ದರ್ಶನವಾದ ಮೇಲೆ ಕುರುಡುಮಲೆಗೆ ಹೋಗಿ, ಏಕಶಿಲೆಯ ಆ ಭವ್ಯ ಗಣಪತಿಯ ಮುಂದೆ ಮಕ್ಕಳಂತೆ ನಿಂತಿದ್ದೆವು. ಮುಳಬಾಗಿಲು ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರೆಂಬುದು ನಿನಗೆ ಗೊತ್ತು. ಬೇಲೂರಿನ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸುತ್ತ ‘ಅಂತಃಪುರ ಗೀತೆ’ಯನ್ನು ಬರೆದವರು ಅವರು. ಕನ್ನಡಿ ಹಿಡಿದ ಚೆಲುವೆಯನ್ನು ನೋಡಿ ಮುಂದೆ ನಡೆದುಬಿಡುವವರೇ ಹೆಚ್ಚು; ಆಕೆಯ ಮನಸ್ಸಿನಲ್ಲೇನಿದೆಯೆಂದು ನಿಂತು ಕೇಳಿದವರು ಡಿ.ವಿ.ಜಿ. ಕಲ್ಲಿನ ಹೆಣ್ಣಿಗೂ ಅಂತರಂಗವುಂಟೆಂದು ನಂಬಿ ಮಾತನಾಡಿಸಿದ ಆ ಮಹನೀಯರು, ಸ್ವಂತ ಜೀವನದಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡು, ಮರುಮದುವೆಯಾಗದೆ ದೀರ್ಘಕಾಲ ಬಾಳಿದರು. ಸೌಂದರ್ಯವನ್ನು ಅಷ್ಟು ಬಲ್ಲವರು ಸಂಬಂಧದ ಗಾಂಭೀರ್ಯವನ್ನೂ ಅಷ್ಟೇ ಬಲ್ಲವರಾಗಿದ್ದರು.

ಮರುದಿನ ಆವನಿಯ ಬೆಟ್ಟವನ್ನೇರಿದೆವು. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳ ಸಮೂಹ; ಮೇಲೆ ಸೀತೆಯ ಗುಡಿ. ವಾಲ್ಮೀಕಿಗಳ ಆಶ್ರಮವಿದ್ದುದು ಇಲ್ಲಿಯೇ, ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ. ಸಂತಾನವಿಲ್ಲದವರು ಬಂದು ಹರಸಿಕೊಳ್ಳುತ್ತಾರೆ. ಗಂಡನ ಮನೆಯಿಂದ ಹೊರಗಾದ ಗರ್ಭಿಣಿಯೊಬ್ಬಳು ಕಾಡಿನಲ್ಲಿ ಇಬ್ಬರು ಮಕ್ಕಳನ್ನು ವೀರರಾಗಿಯೂ ವಿದ್ಯಾವಂತರಾಗಿಯೂ ಬೆಳೆಸಿದ ಕಥೆಯನ್ನು ಆ ಬಂಡೆಗಳ ನಡುವೆ ಕುಳಿತು ನೆನೆದಾಗ, ಅವಳ ಚೆಲುವನ್ನು ವರ್ಣಿಸುವ ಕಾವ್ಯಭಾಗಗಳಿಗಿಂತ ಅವಳ ಕೊನೆಯ ನಿರ್ಧಾರವೇ ನನ್ನ ಮನಸ್ಸನ್ನು ತುಂಬಿತು. ಅಗ್ನಿಯನ್ನು ಒಮ್ಮೆ ಹೊಕ್ಕು ಬಂದವಳು, ಮತ್ತೊಮ್ಮೆ ಸಭೆಯ ಮುಂದೆ ಶುದ್ಧಿಯನ್ನು ತೋರಿಸಬೇಕೆಂದಾಗ, ಅರಮನೆಗೆ ಮರಳುವ ದಾರಿಯನ್ನು ಬಿಟ್ಟು ತಾಯಿಯಾದ ಭೂಮಿಯನ್ನು ಕರೆದಳು. ಅದನ್ನು ಸೋಲೆಂದು ನಾವು ಕಣ್ಣೀರಿಡುತ್ತೇವೆ. ನನ್ನ ಬಾಳನ್ನು ಮತ್ತೆ ಮತ್ತೆ ಪರೀಕ್ಷೆಗೆ ಇಡಲಾರೆನೆಂದು ಒಬ್ಬ ಹೆಣ್ಣು ಹೇಳಿದ ಅತ್ಯಂತ ಗಂಭೀರವಾದ ಮಾತು ಅದೆಂದು ಆವನಿಯಲ್ಲಿ ನನಗೆ ಅನಿಸಿತು.

ಇದೇ ಮುಳಬಾಗಿಲು ತಾಲ್ಲೂಕಿನ ಗಂಗಿಕುಂಟೆಯವರು ಚಿತ್ರನಟಿ ಸೌಂದರ್ಯ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ನಾವಿಬ್ಬರೂ ಟಿ.ವಿ.ಯಲ್ಲಿ ನೋಡಿದ್ದು ನೆನಪಿದೆಯಷ್ಟೆ? ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಆ ಚಿತ್ರವನ್ನು ನಿರ್ಮಿಸಿದವರೂ ಆಕೆಯೇ. ಅದಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ತೆಲುಗು ಕನ್ನಡ ಚಿತ್ರಗಳಲ್ಲಿ ಒಡವೆ ಉಡುಗೆಗಳಿಂದ ಲಕ್ಷಾಂತರ ಜನರ ಕಣ್ಣು ಸೆಳೆದಿದ್ದವರು, ತಮ್ಮ ಹಣ ಹೂಡಿ ಆರಿಸಿಕೊಂಡ ಪಾತ್ರ ಮಳೆಯಲ್ಲಿ ನೆನೆದ ಸೀರೆಯ, ಕೆಸರು ಮೆತ್ತಿದ ಕಾಲಿನ ನಾಗಿಯದು. ಹಿನ್ನೀರು ಏರುತ್ತಿರುವ ಸೀತಾಪರ್ವತದಲ್ಲಿ ಮನೆಯನ್ನೂ ಗಂಡನನ್ನೂ ಕಾಪಾಡಿಕೊಂಡವಳು ಅವಳು. ನೀರಿಳಿದ ಮೇಲೆ ಗಂಡ ಅದೆಲ್ಲವೂ ದೈವದ ಕೃಪೆಯೆಂದುಬಿಡುತ್ತಾನೆ. ಆ ಕ್ಷಣದ ಅವಳ ಮುಖವನ್ನು ನಾನು ಮರೆಯಲಾರೆ. ಆವನಿಯ ಬೆಟ್ಟದಿಂದ ಇಳಿಯುತ್ತ ಅದೇ ಮುಖ ಕಣ್ಣಿಗೆ ಕಟ್ಟಿತು. ಗಂಡ ತನ್ನನ್ನು ಚೆಲುವೆಯೆಂದು ಕರೆಯಲಿಲ್ಲವೆಂಬ ಕೊರಗು ನಾಗಿಗಿಲ್ಲ. ತಾನು ಮಾಡಿದ್ದನ್ನು ಅವನು ಕಾಣಲಿಲ್ಲವೆಂಬುದೇ ಅವಳ ನೋವು. 2004ರ ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ಸೌಂದರ್ಯ ತೀರಿಕೊಂಡರು. ಮುಳಬಾಗಿಲಿನ ಹೆಂಗಸರು ಈಗಲೂ ಆಕೆಯನ್ನು ಮನೆಮಗಳೆಂಬಂತೆ ನೆನೆಯುವುದನ್ನು ಬಸ್ಸಿನಲ್ಲಿ ಕೇಳಿದೆ.

ಈಗ ಶ್ರೀನಿವಾಸಪುರದಲ್ಲಿದ್ದೇನೆ. ಹಿಂದೆ ಪಾಪನಪಲ್ಲಿಯಾಗಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟರಂತೆ. ಎತ್ತ ನೋಡಿದರೂ ಮಾವಿನ ತೋಪು. ರಸಪುರಿ, ಬಾದಾಮಿ, ಬೇನಿಶಾ, ನೀಲಂ, ತೋತಾಪುರಿ. ಮಂಡಿಯಲ್ಲಿ ಕಲೆಯಿಲ್ಲದ ಕಾಯಿಗೆ ಒಂದು ಬೆಲೆ, ಚುಕ್ಕೆ ಬಿದ್ದುದಕ್ಕೆ ಇನ್ನೊಂದು. ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ, ಒಂದೇ ರಾತ್ರಿಯಲ್ಲಿ ಹಳದಿ ತಂದುಕೊಳ್ಳುವ ಆಸೆ ಎಲ್ಲರಿಗೂ ಹೋಗಿಲ್ಲ. ಅತ್ತೆಯ ಮನೆಯ ಕೋಣೆಯಲ್ಲಿ ಹುಲ್ಲಿನ ಮೇಲೆ ಹರಡಿದ ರಸಪುರಿ ಸಾವಕಾಶವಾಗಿ ಹಣ್ಣಾಗುತ್ತಿದೆ. ಸಿಪ್ಪೆ ಸುಕ್ಕಾದಷ್ಟೂ ಒಳಗೆ ಸಿಹಿ. ‘ನೋಡಕ್ಕೆ ಚೆನ್ನಾಗಿರೋದು ಮಂಡಿಗೆ ಕಣೇ, ತಿನ್ನಕ್ಕೆ ಚೆನ್ನಾಗಿರೋದು ಮನೆಗೆ’ ಎಂದಳು ಅತ್ತೆ. ಅವಳು ನನಗೆ ಕೊಟ್ಟ ಉಪದೇಶವೆಂದರೆ ಇದೊಂದೇ.

ಮದುವೆಯೇ ಬೇಡವೆಂದು ನಾನು ಹೇಳುತ್ತಿಲ್ಲ, ಅಕ್ಕ. ಎರಡನೆಯ ಬಾಣಂತನದಲ್ಲಿ ನೀನು ಕಾಯಿಲೆಬಿದ್ದು, ಕೂದಲು ಉದುರಿ, ಗುರುತು ಸಿಗದಂತಾಗಿದ್ದಾಗ ಭಾವನವರು ನಿನ್ನನ್ನು ನೋಡುತ್ತಿದ್ದ ನೋಟವನ್ನು ನಾನು ಬಾಗಿಲ ಬಳಿಯಿಂದ ಕಂಡಿದ್ದೇನೆ. ಅಂಥದೊಂದು ನೋಟಕ್ಕಾಗಿ ಎಷ್ಟು ವರ್ಷ ಬೇಕಾದರೂ ಕಾಯಬಲ್ಲೆ. ಇನ್ನು ಮುಂದೆ ತಿಂಡಿಯ ತಟ್ಟೆ ಹಿಡಿದು ಬಂದು ತಲೆತಗ್ಗಿಸಿ ಕೂರಲಾರೆನೆಂಬುದಷ್ಟೇ ನನ್ನ ಮಾತು. ಬರುವವರು ಬರಲಿ, ಒಮ್ಮೆಗೆ ಮುಗಿಸದೆ ಮತ್ತೆ ಬರಲಿ, ಆತ ನನ್ನನ್ನು ಕೇಳುವಂತೆ ನಾನೂ ಆತನನ್ನು ಕೇಳುವೆ, ಅವನ ಕೋಪ ಹೇಗೆ, ಅವನ ಮನೆಯಲ್ಲಿ ಹೆಂಗಸರ ಮಾತಿಗೆ ಬೆಲೆಯುಂಟೆ, ನಾಳೆ ನನಗೆ ಕಾಯಿಲೆಯಾದರೆ ಅವನೇನು ಮಾಡುತ್ತಾನೆ ಎಂದು. ಬಣ್ಣದ ಕೊರತೆಯನ್ನು ಬಂಗಾರದಿಂದ ತುಂಬಿಕೊಡಿರೆಂದು ಮಧ್ಯಸ್ಥರು ಸೂಚಿಸಿದ್ದನ್ನು ಅಪ್ಪ ಮನಸ್ಸಿನಲ್ಲಿಟ್ಟುಕೊಂಡಿರುವಂತಿದೆ. 1961ರಲ್ಲಿಯೇ ವರದಕ್ಷಿಣೆಯನ್ನು ನಿಷೇಧಿಸಿದ ದೇಶದಲ್ಲಿ ನನ್ನ ಚರ್ಮಕ್ಕಾಗಿ ಅಪ್ಪ ದಂಡ ತೆರುವುದು ನನಗೆ ಸಹ್ಯವಾಗದು. ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳು.

ಅಮ್ಮನಿಗೆ ಈ ಕಾಗದವನ್ನು ನೀನೇ ಓದಿ ಹೇಳಬೇಕು. ಅವಳು ಅಳಬಹುದು, ಅತ್ತರೆ ಅಳಲಿ, ಆಮೇಲೆ ಅವಳಿಗೂ ಅರ್ಥವಾಗುತ್ತದೆ, ಏಕೆಂದರೆ ತನ್ನ ಬಣ್ಣವನ್ನೇ ನನಗೆ ಕೊಟ್ಟವಳು ಅವಳು, ಅವಳಿಗಿಂತ ಚೆಲುವೆಯನ್ನು ನಾನು ಕಂಡಿಲ್ಲ. ಮಾವನವರು ಮುಂದಿನ ವಾರ ಶಿವಮೊಗ್ಗಕ್ಕೆ ಬರುತ್ತಾರೆ. ಅವರೊಡನೆ ಒಂದು ಪೆಟ್ಟಿಗೆ ರಸಪುರಿ ಕಳುಹಿಸುತ್ತೇನೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಉತ್ತರ ಬರೆ.

ಇಂತು ನಿನ್ನ ಪ್ರೀತಿಯ ತಂಗಿ